ಕೂದಲೆಳೆಯಷ್ಟು ಕೆಳಗೆ

ಲೈಸೆನ್ಸಿನ ಮೇಲೆ ಒಂಬತ್ತು ಪಾಯಿಂಟು.
ಇನ್ನು ಮೂರು ಬಿದ್ದರೆ
ಬಸ್ಸಿನಲ್ಲಿ ಹೊತ್ತುಕೊಂಡು ತಿರುಗಬೇಕು
ಶ್ರುತಿಕವೆ, ಸುತ್ತಿಗೆ, ಉಣ್ಣೆಪಟ್ಟಿಯ ಪೆಟ್ಟಿಗೆ.
ಎಲ್ಗಿನ್‌ನಿಂದ ಹಂಟ್ಲಿಗೆ ಹೋಗುವ ಬಸ್ಸೋ
ನನಗಿಂತ ಮುದಿ, ನನಗಿಂತ ಸೋಮಾರಿ.

ಮೊದಲ ಮೂರು, ಕೀತ್ ಶಾಲೆಯ ಪಿಯಾನೋ ಕೂಡಿಸಿ ಬರುವಾಗ.
ಕೊನೆಯ ತಂತಿ ಇನ್ನೂ ಕಿವಿಯಲ್ಲಿ ಆಡುತ್ತಿತ್ತು,
ಹಳದಿ ಪೆಟ್ಟಿಗೆ ಕಂಬ ಏರಿ ಕೂತದ್ದು ಕಾಣಲಿಲ್ಲ.
ಆಮೇಲಿನ ಮೂರಕ್ಕೆ ಇಶ್ಬೆಲ್ ಗೆಡಿಸ್ ಕಾರಣ:
ಅವಳ ಪಿಯಾನೋ ಹೊಟ್ಟೆಯಲ್ಲಿ ಇಲಿ ಹೆತ್ತಿತ್ತು,
ಆ ಮುದುಕಿ ಅವಕ್ಕೆ ಹೆಸರನ್ನೂ ಇಟ್ಟಿದ್ದಳು,
ನೆನೆದು ನೆನೆದು ನಗುತ್ತಾ ಬಂದೆ.
ಕಡೆಯ ಮೂರಕ್ಕೆ ಸಂಗೀತದ ನೆಪವಿಲ್ಲ.
ಹಸಿವು. ಮೀನಿನಂಗಡಿ ಎಂಟಕ್ಕೆ ಬಾಗಿಲು ಹಾಕುತ್ತಾರೆ.

ಹೀಗೆ ಬಂದೆ ಲಾಕ್ಲನ್‌ನ ಅಂಗಡಿಗೆ.
ವೈಪರು, ಟೈರು, ಹಿಮಕ್ಕೆ ಎರಚುವ ಉಪ್ಪಿನ ಚೀಲದ ನಡುವೆ
ಗಾಜಿನ ಕಪಾಟಿನಲ್ಲಿ ಮೂರು ಡಬ್ಬಿ.
'ಮುಂದೆ ಕ್ಯಾಮೆರಾ ಇದೆ ಅಂತ ಎಲ್ಲವೂ ಹೇಳುತ್ತವೆ, ಮಿಸ್ಟರ್ ಇನ್ನೆಸ್.
ಹೇಗೆ ಹೇಳುತ್ತವೆ, ಅದನ್ನು ನೋಡಿ ತಗೊಳ್ಳಿ.'

ಮೊದಲನೆಯದಕ್ಕೆ ಹೆಣ್ಣು ದನಿ, ದಕ್ಷಿಣದ ಇಂಗ್ಲಿಷು,
ಸಾಲ ಕೊಡೆವು ಎನ್ನುವ ಬ್ಯಾಂಕಿನ ವಿನಯ:
ದಯವಿಟ್ಟು ವೇಗ ತಗ್ಗಿಸಿ.
ಪಕ್ಕದಲ್ಲಿದ್ದ ಏಲಿ ಮೂಗು ಮುರಿದಳು:
'ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀನಿ, ಪುಕ್ಕಟೆ.'

ಎರಡನೆಯದು ಮಾತಾಡಲಿಲ್ಲ. ಒಂದು ಸ್ವರ, ಅಷ್ಟೇ.
ನನ್ನ ಕೈ ತಾನಾಗಿ ಜೇಬಿಗೆ ಹೋಯಿತು,
ಕವೆಯನ್ನು ಮಂಡಿಗೆ ಬಡಿದು ಕಿವಿಗಿಟ್ಟೆ:
ನಾನೂರ ನಲವತ್ತು. ಒಂದು ಕಂಪನ ಹೆಚ್ಚಿಲ್ಲ, ಕಮ್ಮಿಯಿಲ್ಲ.
ತೊಳೆದಿಟ್ಟ ಗಾಜಿನಂಥ ಸ್ವರ.
ಲಾಕ್ಲನ್ ಏನೇನೋ ಹೇಳುತ್ತಿದ್ದ,
ಉಪಗ್ರಹ, ನಕ್ಷೆ, ತಿಂಗಳಿಗೊಮ್ಮೆ ಹೊಸ ಪಟ್ಟಿ;
ಇನ್ನೊಮ್ಮೆ ಒತ್ತು ಎಂದೆ. ಇನ್ನೊಮ್ಮೆ.
ಐದನೆಯ ಸಲ ಏಲಿ ನನ್ನ ಬೂಟಿನತ್ತ ಬೆರಳು ತೋರಿದಳು.
ನೆಲದ ಮೇಲೆ ನನ್ನ ಬಲಗಾಲು
ಇಲ್ಲದ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಿತ್ತು.

ಮೂರನೆಯದರ ಮೇಲೆ ಧೂಳು.
'ಅದು ಬೇಡ ಬಿಡಿ, ಇಬ್ಬರು ವಾಪಸು ತಂದುಕೊಟ್ಟರು.'
ಒತ್ತಿದ.
ಅದೇ ಸ್ವರವೇ, ಆದರೆ
ಕೂದಲೆಳೆಯಷ್ಟು ಕೆಳಗೆ:
ಒಡ್ಡು ಚಳಿಗೆ ಇಗರ್ಜಿಯಲ್ಲಿ ಬಿಟ್ಟುಹೋದ ತಂತಿ,
ಹಲ್ಲಿನ ಹುಳುಕಿಗೆ ತಗುಲಿದ ತಣ್ಣೀರು.
ಬೆನ್ನು ನೆಟ್ಟಗಾಯಿತು. ಕೈ ಸುತ್ತಿಗೆ ಹುಡುಕಿತು.
ಕಾಲು, ಯಾರೂ ಹೇಳದೆ,
ನೆಲದಿಂದ ಎದ್ದಿತ್ತು.

'ಇದನ್ನೇ ಕೊಡು.'

ಈಗ ಅದು ಗಾಜಿಗೆ ಕಚ್ಚಿಕೊಂಡು ಕೂತಿದೆ.
ಬಾರ್ಲಿ ಹೊಲ ದಾಟಿ, ವಿಸ್ಕಿ ಭಟ್ಟಿಯ ಚಿಮಣಿ ದಾಟಿ,
ಶಾಲೆಯ ತಿರುವು ಬರುವ ಮುಂಚೆ ಶುರು:
ಆ ಹುಳಿ, ಆ ಕೊರೆತ.
ಮುಳ್ಳು ಇಳಿಯುತ್ತದೆ. ಮೂವತ್ತು. ಇಪ್ಪತ್ತೊಂಬತ್ತು.
ಎದುರಿಗೆ ತನಗಿಂತ ಉದ್ದದ ಪೆಟ್ಟಿಗೆ ಎಳೆದುಕೊಂಡು
ಟ್ರಾಂಬೋನ್ ಹುಡುಗ ರಸ್ತೆ ದಾಟುತ್ತಾನೆ,
ಎಡ ನೋಡದೆ, ಬಲ ನೋಡದೆ.
ಅವನ ವಾದನ ಕೇಳಿದ್ದೇನೆ. ದೇವರೇ ಗತಿ.
ನಿಲ್ಲಿಸಿಕೊಂಡು ಕಾಯುತ್ತೇನೆ.

ನಲವತ್ತು ವರ್ಷ, ಕೇಳಿದ ಅಪಸ್ವರವನ್ನೆಲ್ಲ
ತಿರುಪಿ ತಿರುಪಿ ದಾರಿಗೆ ತಂದವನು
ಇದೊಂದನ್ನು ಹಾಗೇ ಬಿಟ್ಟಿದ್ದೇನೆ.

'ನೋಯಲ್ಲವಾ ಕಿವಿ?' ಕೇಳಿದಳು ಏಲಿ ಮೊನ್ನೆ,
ಚಿಪ್ಸ್ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು.
ನೋಯುತ್ತದೆ, ಎಂದೆ.
ಊರು ಮುಗಿಯುವ ತನಕ.