ಮುಳ್ಳು ಇಳಿದ ರಾತ್ರಿ

ಹದಿನಾಕು ವರ್ಷ ಧಾರವಾಡದ ಏರು ಓಣಿಗೋಳಾಗ
ಗ್ಯಾಸಿನ ಸಿಲಿಂಡರ್ ಹೊತ್ತಾಂವ ನಾ.
ತುಂಬಿದ್ದು ಯಾವುದು, ಖಾಲಿ ಯಾವುದು
ಹೆಗಲಿಗೆ ಗೊತ್ತು, ಕಣ್ಣು ಬೇಕಾಗಿದ್ದಿಲ್ಲ.
ಮಾಳಮಡ್ಡಿಯ ಮೆಟ್ಟಿಲ ಮ್ಯಾಲೆ ಒಮ್ಮೆ ಕಾಲು ಜಾರಿ
ಮೊಣಕಾಲು ಹೋತು. ಅದಕ್ಕ ಈ ನೌಕರಿ:
ಪ್ರಯೋಗಶಾಲೆಯಾಗ ರಾತ್ರಿಪಾಳಿ,
ಅರ್ಧ ತಾಸಿಗೊಮ್ಮೆ ಮುಳ್ಳು ನೋಡಿ ಬರೆಯೋದು.

ಇಲ್ಲಿ ಗ್ಯಾಸು ಪುಡಿಯೊಳಗ ಇರ್ತೈತಿ.
ಬೂದಿಬಣ್ಣದ ಪುಡಿ. ಸೋಡಿಯಂ, ಅಲ್ಯುಮಿನಿಯಂ,
ಸಂದಿನ್ಯಾಗ ಹೈಡ್ರೋಜನ್ನು,
ಕೌದಿಯ ಹೊಲಿಗಿಯಾಗ ತಗಣಿ ಹೊಕ್ಕಂಗ.
"ನೂರು ಗ್ರಾಮಿಗೆ ಎಷ್ಟು ಹಿಡಿತೈತ್ರಿ?" ಅಂದೆ.
"ನಾಕು. ಪುಣ್ಯ ಇದ್ರ ಐದು," ಅಂದ್ರು ನೀಲಗಂಗಾ ಮೇಡಂ.
ಹದಿನೈದು ಕಿಲೋ ಕಬ್ಬಿಣದಾಗ
ಹದಿನಾಕು ಕಿಲೋ ಗ್ಯಾಸು ಹೊತ್ತ ಹೆಗಲು
ಒಳಗೊಳಗ ನಕ್ಕಿತು.

ಆ ಪುಡಿಗೆ ಗಾಳಿ ಆಗಂಗಿಲ್ಲ, ನೀರಂತೂ ವೈರಿ.
ಧಾರವಾಡದಾಗ ಹುಟ್ಟಬಾರದಿತ್ತು ಅದು,
ಜೂನ್ ಹಿಡಿದು ಇಲ್ಲಿ ಗ್ವಾಡಿಯೂ ಬೆವರತೈತಿ.
ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗಿಯೊಳಗ
ಮೊಣಕೈತನಕ ರಬ್ಬರ್ ಗ್ಲೌಸು ತೊಟ್ಟು
ಮೇಡಂ ಅದನ್ನ ತೂಗತಾರ.
ಬಾಣಂತಿ ಕ್ವಾಣಿ ಅಂತೀನಿ ನಾ ಆ ಪೆಟ್ಟಿಗಿಗೆ.
ಹಾಲಿಗೆ ಹೆಪ್ಪು ಹಾಕಿದಂಗ
ಒಂದು ಚಿಟಿಕಿ ಟೈಟೇನಿಯಂ.
ಹೆಪ್ಪಿಲ್ಲದ ಪುಡಿ ಕೊಟ್ಟು ಬಿಡತೈತಿ,
ತಿರುಗಿ ಇಸಗೊಳ್ಳಾಕ ಬರಂಗಿಲ್ಲ ಅದಕ್ಕ.

ಹುಬ್ಬಳ್ಳಿ ತಾರಿಹಾಳದ ಮಕ್ತುಂಸಾಬ
ಬೆಸುಗಿ ಹಾಕಿದ ಉಕ್ಕಿನ ಡಬ್ಬಿ, ಗೇಣುದ್ದ.
ಡಬ್ಬಿಗೆ ಕೊಳವಿ, ಕೊಳವಿಗೆ ಗಡಿಯಾರದಂಥ ಮಾಪು.
ನೂರು ಬಾರ್ ಒತ್ತಿ ಕಾಯೋದು.
ಮುಳ್ಳು ಇಳೀತಂದ್ರ ಪುಡಿ ಉಣ್ಣಾಕ ಹತ್ತೇತಿ.
ಇಳಿದದ್ದು ಲಾಭ ಅನ್ನೋ ಲೆಕ್ಕ
ನಾ ಇಲ್ಲೇ ಕಲ್ತದ್ದು.

ನಲವತ್ತೊಂದನೇ ಸರತಿ. ಹೊರಗ ಮಳಿ.
ಒಂದೂವರಿಗೆ ಮುಳ್ಳು ತೊಂಬತ್ತೇಳಕ್ಕ,
ಎರಡಕ್ಕ ತೊಂಬತ್ತೈದಕ್ಕ.
ಮೇಡಂ ಫೋನಿನ್ಯಾಗ ಚೀರಿದ್ರು,
ಸ್ಕೂಟಿ ಮ್ಯಾಲೆ ತೊಯ್ಸಿಕೊಂಡು ಬಂದ್ರು,
ಒದ್ದಿ ಕೈಲೇ ಹಾಳಿ ತುಂಬ ಅಂಕಿ ಬರದ್ರು.

ನನಗ್ಯಾಕೋ ಸಮಾಧಾನ ಇಲ್ಲ.
ಮುಳ್ಳು ಇಳಿಯಾಕ ಎರಡು ದಾರಿ ಅದಾವು,
ಒಳಗ ಹೋಗೋದು ಒಂದು, ಹೊರಗ ಹೋಗೋದು ಒಂದು.
ಬಟ್ಟಿ ಸಾಬೂನು ಕದಡಿ, ಹಳೇ ದಾಡಿ ಬ್ರಶ್ ಅದ್ದಿ
ಒಂದೊಂದೇ ಕೀಲಿಗೆ ನೊರಿ ಹಚ್ಚಿದೆ.
ಎಷ್ಟು ಅಡಗಿಮನ್ಯಾಗ ಹಿಂಗ ಕುಕ್ಕರಗಾಲಿಲೆ ಕುಂತಿಲ್ಲ!
ಮೊದಲನೇದು ಸುಮ್ಮನ. ಎರಡನೇದು ಸುಮ್ಮನ.
ಮೂರನೇದಕ್ಕ
ಒಂದು ಗುಳ್ಳಿ,
ಜೋಳದಷ್ಟಿದ್ದದ್ದು ಶೇಂಗಾದಷ್ಟಾತು,
ಟಪ್ಪಂತ ಒಡದು
ಮತ್ತ ಜೋಳ.

ಎದ್ದು ಎಲ್ಲಾ ಕಿಟಕಿ ತೆಗದೆ. ಮಳಿ ಒಳಗ ಬಂತು.
ಮೇಡಂ ಉಷ್ಣದ ಅಂಕಿ ನೋಡಿದ್ರು:
ನೂರಾ ಇಪ್ಪತ್ತು. ರಾತ್ರಿಯಿಡೀ ಅಲ್ಲೇ ನಿಂತಿತ್ತು.
"ತಗೊಂಡಿದ್ರ ಬಿಸಿ ಏರಬೇಕಿತ್ತಲ್ಲ,
ನಾ ಯಾಕ ನೋಡಲಿಲ್ಲ," ಅಂದು
ಹಾಳಿಗೆ ಅಡ್ಡಗೀಟು ಎಳದ್ರು. ಹರೀಲಿಲ್ಲ.
ಇಬ್ರೂ ವರಾಂಡದಾಗ ನಿಂತು ಚಾ ಕುಡದ್ವಿ,
ಅವರು ಲೋಟದಾಗ, ನಾ ಫ್ಲಾಸ್ಕಿನ ಮುಚ್ಚಳದಾಗ.

ಮಕ್ತುಂಸಾಬ ಮುಂಜಾನಿ ಚಿಗರಿ ಬಸ್ಸಿಗೆ ಬಂದ.
ಕೀಲು ನೋಡಿ "ನಂದೇ ತಪ್ಪು" ಅಂದ,
ಬಿಚ್ಚಿಕೊಂಡು ಹೋದಾಂವ ಮೂರನೇ ದಿನ ತಂದ.
ರೊಕ್ಕ ಮುಟ್ಟಲಿಲ್ಲ.

ನಲವತ್ತೆರಡು.
ಮುಳ್ಳು ತೊಂಬತ್ತೆಂಟೂವರಿಗೆ ಬಂದು ನಿಂತಿತು.
ನೊರಿ ಹಚ್ಚಿದೆ. ಯಾವ ಕೀಲೂ ಮಾತಾಡಲಿಲ್ಲ.
ಉಷ್ಣ ಮೂರು ಡಿಗ್ರಿ ಏರಿತ್ತು.
ಮೇಡಂ ಈ ಸಲ ಚೀರಲಿಲ್ಲ.
ಕಡಿಮಿ, ಅಂದ್ರು.
ಸ್ವಲ್ಪ ಹೊತ್ತು ಬಿಟ್ಟು, ಖರೇ, ಅಂದ್ರು.

ತಣ್ಣಗಾದ ಮ್ಯಾಲೆ, ಬಿಡಿ ಗ್ಯಾಸು ಹೊರಗ ಬಿಟ್ಟು
ಡಬ್ಬಿ ತೂಗಿದ್ವಿ. ಮೊದಲಿಗಿಂತ ಮುಕ್ಕಾಲು ಗ್ರಾಮು ಹೆಚ್ಚು.
ನಾ ಅದನ್ನ ಅಂಗೈಯಾಗ ಹಿಡಕೊಂಡೆ,
ಆಮ್ಯಾಲೆ ಹೆಗಲ ಮ್ಯಾಲೆ ಇಟ್ಕೊಂಡು
ಕಣ್ಣು ಮುಚ್ಚಿ ನಿಂತೆ.
"ಏನ್ ಮಾಡಾಕ ಹತ್ತೀರಿ?" ಅಂದ್ರು ಮೇಡಂ.
ತುಂಬೇತೋ ಖಾಲಿ ಐತೋ
ಈ ಹೆಗಲಿಗೆ ತಿಳೀವಲ್ದು,
ನೀವೇ ಹೇಳ್ರಿ, ಅಂದೆ.