ಕಳೆಯುವ ಲೆಕ್ಕ

ಹಳೇ ಬೇಸ್ ಗಿಟಾರ್ ಕೊಳ್ಳುವವನು
ಮೊದಲು ಕಲಿಯಬೇಕಾದ್ದು ಕಳೆಯುವ ಲೆಕ್ಕ.
ಬಣ್ಣ ಬಳಿದಿದ್ದರೆ ಅರ್ಧ ಕಳೆ.
ಬಿರಡೆ ಬದಲಾಗಿದ್ದರೆ ಒಂದೊಂದಕ್ಕೆ ಎರಡು ಸಾವಿರ ಕಳೆ.
ಕತ್ತು ಬಾಗಿದ್ದರೆ ನಮಸ್ಕಾರ ಹೇಳಿ ಎದ್ದು ಬಾ.
ಮಾರುವವನು ಕತೆ ಶುರು ಮಾಡಿದರೆ
ಕಾಫಿ ಕುಡಿ. ಕತೆಗೆ ರೇಟಿಲ್ಲ.

ಇಷ್ಟನ್ನು ನಾನು ಗೋಪಿ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ
ಹತ್ತು ಬೈ ಎಂಟರ ಅಂಗಡಿಯಲ್ಲಿ ಕೂತು ಕಲಿತೆ,
ಸುಟ್ಟ ಆಂಪ್ಲಿಫೈಯರ್, ಚರ್ಮ ಹರಿದ ಕಾಂಗೋ,
ಮದುವೆ ಬ್ಯಾಂಡಿನವರು ಒತ್ತೆಯಿಟ್ಟು ಮರೆತ ಟ್ರಂಪೆಟ್ಟಿನ ನಡುವೆ.

ಇನಾಸಪ್ಪನವರ ಫೋನು ಬಂತು:
"ಜಬೀ, ನನ್ನದನ್ನೂ ನೋಡಿ ಹೋಗು.
ಬಂದಾಗ ಜೋರಾಗಿ ಮಾತಾಡು, ಕಿವಿ ಹೋಗಿದೆ."
ಭದ್ರಾವತಿ ಬಸ್ಸು ಹತ್ತಿದೆ.

ಜಪಾನಿನದು. ಅರವತ್ತೊಂಬತ್ತರದೋ ಎಪ್ಪತ್ತರದೋ.
ಹಳೇ ಲುಂಗಿಯಲ್ಲಿ ಸುತ್ತಿ
ಎರಡು ನುಸಿಗುಳಿಗೆಯ ಜೊತೆ ಮಲಗಿಸಿದ್ದರು.
ಕನ್ನಡಕ ಹಾಕಿಕೊಂಡು ಕಳೆಯತೊಡಗಿದೆ.

ಬಣ್ಣ ಅಂಬಾಸಿಡರ್ ಕಾರಿನ ಬಿಳಿ.
ತೀರ್ಥಹಳ್ಳಿಯ ಆರ್ಕೆಸ್ಟ್ರಾದಲ್ಲಿ ಯಾರೋ ಎಸೆದ ಸೋಡಾ ಬಾಟಲಿಯ ಗಾಯ
ಅದರ ಕೆಳಗಿದೆಯಂತೆ.
ಕಳೆ.

ಮೂರನೇ ಬಿರಡೆ, ಕಬ್ಬಿಣದ ಕಾರ್ಖಾನೆಯ ಲೇತಿನಲ್ಲಿ
ರಾತ್ರಿ ಪಾಳಿಯ ನಿಂಗೋಜಿ ಕಡೆದು ಕೊಟ್ಟದ್ದು,
ಮೇಸ್ತ್ರಿ ಬೀಡಿಗೆ ಹೋದ ಏಳು ನಿಮಿಷದೊಳಗೆ.
ಉಳಿದ ಮೂರಕ್ಕಿಂತ ಅದೇ ಬಿಗಿ.
ಆದರೂ ಎರಡು ಸಾವಿರ.

ಪಿಕಪ್ಪು ಸುಟ್ಟು ಹೋಗಿತ್ತಂತೆ.
ಫ್ಯಾನಿನ ಮೋಟಾರು ಸುತ್ತುವ ಸೆಲ್ವಿ
ಐದು ಸಾವಿರ ಸುತ್ತು ಎಣಿಸಿ ಸುತ್ತಿದಳು.
ನಡುವೆ ಮಗು ಅತ್ತಿತು, ಲೆಕ್ಕ ತಪ್ಪಿರಬಹುದು ಅಂತ
ತಾನೇ ಹೇಳಿ ಹತ್ತು ರೂಪಾಯಿ ಬಿಟ್ಟಳು.
ನಾನು ನಾಲ್ಕು ಸಾವಿರ ಬಿಡಿಸಿದೆ.

ಉಳಿದದ್ದು ಇಪ್ಪತ್ತೆರಡು ಸಾವಿರ.
ನನ್ನ ತುಟಿ ನೋಡಿ ಮೊತ್ತ ಓದಿಕೊಂಡರು.

"ಒಂದ್ಸಲ ಬಾರಿಸಿ" ಅಂದೆ, ಅಭ್ಯಾಸ.
ಪ್ಲಗ್ಗು ಚುಚ್ಚಲಿಲ್ಲ.
ಗಿಟಾರಿನ ಕೊಂಬಿಗೆ ದವಡೆ ಆನಿಸಿ
ದಪ್ಪ ತಂತಿಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರು.
ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗೆ
ನನಗೆ ಕೇಳಿದ್ದು ಅಷ್ಟೇ.
ಅವರು ಮಾತ್ರ ತಲೆದೂಗುತ್ತಿದ್ದರು.
"ನೀನೂ ಹಲ್ಲು ಇಡು."
ಇಟ್ಟೆ.
ಹಲ್ಲಿನಿಂದ ಹೊರಟದ್ದು ಮೊಣಕಾಲಿಗೆ ಬಂದು ನಿಂತಿತು.

ಎಂಬತ್ತಮೂರರಲ್ಲಿ ಹಾಕಿದ ತಂತಿಗಳು, ಒಮ್ಮೆಯೂ ಬದಲಿಸಿಲ್ಲ.
ಬೆವರು, ಎಣ್ಣೆ, ಮದುವೆ ಮನೆಗಳ ಚಿರೋಟಿ ಸಕ್ಕರೆ ಎಲ್ಲ ಕೂತು
ಹೊಳಪು ಸತ್ತು
ಸದ್ದು ಮಾತ್ರ ಮಾಗಿದೆ.
ದುಡ್ಡು ಕೊಟ್ಟರೆ ಸಿಗುವುದಲ್ಲ ಅದು.
ನಾನು ಹೇಳಲಿಲ್ಲ. ಕೂಡಿಸುವುದು ಕೊಳ್ಳುವವನ ಕೆಲಸವಲ್ಲ.

ದುಡ್ಡು ಕೊಟ್ಟೆ. ಎರಡು ಸಲ ಎಣಿಸಿದರು.
ಆಮೇಲೆ ಒಂದೊಂದೇ ಬಿರಡೆ ಸಡಿಲಿಸಿ
ನಾಲ್ಕೂ ತಂತಿ ಬಿಚ್ಚಿ, ಸುರುಳಿ ಮಾಡಿ
ಬನಿಯನ್ನಿನ ಮೇಲೆ ಜನಿವಾರದ ಹಾಗೆ ಹಾಕಿಕೊಂಡರು,
ಕೊರಳಲ್ಲಿದ್ದ ಶಿಲುಬೆಗೆ ತಾಗಿ ಕಿಣಿಗುಟ್ಟಿತು.
"ನಿನ್ನ ಲಿಸ್ಟಿನಲ್ಲಿ ತಂತಿಗೆ ರೇಟೇ ಬರೆದಿಲ್ಲವಲ್ಲ."
ಬರೆದಿರಲಿಲ್ಲ.

ಹೊಸ ತಂತಿ ಹಾಕಿದೆ. ಸ್ಟೀಲಿನ ಕೊಡಪಾನ ಉರುಳಿದ ಸದ್ದು.
ಮಡಗಾಂವಿನವನೊಬ್ಬ ಬಂದು ಅರವತ್ತಕ್ಕೆ ಒಯ್ದ.
ಒಯ್ಯುವ ಮುಂಚೆ ಅವನೂ ಕಳೆದ.
ನಿಂಗೋಜಿಯ ಲೇತು, ಸೆಲ್ವಿಯ ಮಗು, ಎಲ್ಲ ಹೇಳಿ ನೋಡಿದೆ;
ಅವನು ಕಾಫಿ ಕುಡಿದ.

ಮೊನ್ನೆ ಮತ್ತೆ ಆ ಕಡೆ ಹೋದೆ,
ತಂತಿಗೆ ಕೊಡೋಣವೆಂದು ಐದು ಸಾವಿರ ಜೇಬಲ್ಲಿಟ್ಟುಕೊಂಡು.
ಹಿತ್ತಿಲಲ್ಲಿ, ಕಿಟಕಿಯ ಸರಳಿಂದ ನುಗ್ಗೆ ಮರದವರೆಗೆ,
ನಾಲ್ಕನ್ನೂ ಒಂದರ ಬಾಲಕ್ಕೊಂದು ಜೋಡಿಸಿ ಬಿಗಿದಿದ್ದಾರೆ.
ತುದಿಯ ಕೆಂಪು ರೇಷ್ಮೆ ಇನ್ನೂ ಮಾಸಿಲ್ಲ.
ಮೇಲೆ ಹಾಗಲ ಬಳ್ಳಿ.
ದಪ್ಪ ತಂತಿಗೆ ಮೂರು ಕಾಯಿ.

ಇನಾಸಪ್ಪ ನುಗ್ಗೆ ಮರಕ್ಕೆ ದವಡೆ ಆನಿಸಿ
ಹ್ಞೂಂ, ಅಂತ ಸನ್ನೆ ಮಾಡಿದರು.
ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ. ಕಾಯಿ ಮೂರೂ ಅಲುಗಿದವು.
ಬಹಳ ಹೊತ್ತು ಕೇಳಿಸಿಕೊಂಡು
"ಸ್ವಲ್ಪ ಇಳಿದಿದೆ" ಅಂದರು,
"ಆ ಕಡೆ ಒಂದು ಸುತ್ತು ಬಿಗಿ ಮಾಡು."

ಜೇಬಿನ ದುಡ್ಡು ಜೇಬಲ್ಲೇ ಇತ್ತು.
ನಾನು ಇಕ್ಕಳ ಎಲ್ಲಿದೆ ಅಂತ ಹುಡುಕತೊಡಗಿದೆ.