ಉಪ್ಪು ತಿಂದವಳು

ತೊಕೊನಾವೊ ಊರಿನ ಕೆಳಗೆ, ಕಣ್ಣು ಸೋಲುವಷ್ಟು ದೂರ,
ಉಪ್ಪು.
ತಮ್ಮ ಎಲಿಸಿಯೊ ಅದನ್ನೇ ಲಾರಿಗೆ ತುಂಬಿ
ಬಂದರಿಗೆ ಸಾಗಿಸುತ್ತಾನೆ.
ಅಲ್ಲಿಂದ ಹಡಗು, ಹಡಗಿನಿಂದ ಯಾವುದೋ ದೇಶ,
ಯಾರದೋ ಫೋನಿನ ಹೊಟ್ಟೆ.
ಒಂದು ಚಿಟಿಕೆ ಮಾತ್ರ ದಾರಿ ತಪ್ಪಿ
ಗುಳಿಗೆಯಾಗಿ, ಬಿಳಿ ಡಬ್ಬಿಯಲ್ಲಿ ಕೂತು
ನನ್ನ ಅಡುಗೆಮನೆಗೆ ವಾಪಸು ಬರುತ್ತದೆ.
ಚೀಟಿಯ ಮೇಲೆ ಲಿಥಿಯಂ ಎಂದಿದೆ.
ಬೆಳಗ್ಗೆ ಒಂದು, ರಾತ್ರಿ ಎರಡು.
"ನಿನಗೋಸ್ಕರವೇ ಹೊರೋದು ನಾನು" ಅನ್ನುತ್ತಾನೆ ಎಲಿಸಿಯೊ.
ತಮಾಷೆಗೆ. ಪೂರ್ತಿ ತಮಾಷೆಗಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ತಲೆದಿಂಬಿನ ಪಕ್ಕ ಹೂಜಿ, ಬಸ್ಸಿಗೆ ಬಾಟಲಿ,
ಒಲೆಯ ಹತ್ತಿರ ಹಿಡಿ ಮುರಿದ ಮಗ್ಗು.
ಮಳೆ ಮುಖ ತೋರಿಸದ ಈ ಮರಳುಗಾಡಿನಲ್ಲಿ
ರಾತ್ರಿ ಮೂರು ಸಲ ಬಚ್ಚಲಿಗೆ ಏಳುವ ಸಿರಿವಂತೆ
ನಾನೊಬ್ಬಳೇ.

ಆ ಅಕ್ಟೋಬರಿನ ಬಗ್ಗೆ ಕೇಳುತ್ತೀರಿ.
ಹೇಳುತ್ತೇನೆ, ಮುಖ ಸಣ್ಣದು ಮಾಡಬೇಡಿ:
ಚೆನ್ನಾಗಿತ್ತು.
ಹಿಟ್ಟು ನನ್ನ ಮಾತು ಕೇಳುತ್ತಿತ್ತು, ತಾನೂ ಆಡುತ್ತಿತ್ತು.
ಒಂಬತ್ತು ರಾತ್ರಿ ನಿದ್ದೆಯ ಹಂಗಿಲ್ಲದೆ ಬ್ರೆಡ್ಡು ಬೇಯಿಸಿ
ಗಣಿಯ ಲಾರಿಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ
ಬಿಸಿಬಿಸಿ ಹಂಚಿದೆ, ದುಡ್ಡು ಬೇಡವೆಂದೆ.
ಒಬ್ಬ ಚಾಲಕ ಅತ್ತ.
ಅವನು ಅತ್ತದ್ದು ನಿಜ, ಬೇಕಿದ್ದರೆ ಎಲಿಸಿಯೊನನ್ನು ಕೇಳಿ.
ಗಂಟೆಗೋಪುರದ ಕಲ್ಲುಗಳು ಹೆಸರು ಹಿಡಿದು ಕರೆದವು
(ಅದನ್ನು ಯಾರನ್ನೂ ಕೇಳಬೇಡಿ).
ಕಲಾಮಾದ ಅಂಗಡಿಯಲ್ಲಿ ಕಂತಿನ ಮೇಲೆ
ಒಂದು ಟ್ಯೂಬಾ ಕೊಂಡೆ.
ಹಿತ್ತಾಳೆಯದು, ಎಳೆಗರುವಿನಷ್ಟು ತೂಕ.
ಊದಲು ಬಾರದು.
ಕಲಿಯಲು ಒಂದು ಮಧ್ಯಾಹ್ನ ಸಾಕು ಅನ್ನಿಸಿತ್ತು.

ಅದೇ ಅಕ್ಟೋಬರಿನಲ್ಲಿ ಮಗಳು ನಯರೆತ್
ಬಾಗಿಲಿಗೆ ಅಡ್ಡ ನಿಂತಾಗ ನಾನಂದ ಮಾತು
ಇಲ್ಲಿ ಬರೆಯುವುದಿಲ್ಲ.
ಆಗ ಅವಳಿಗೆ ಹನ್ನೊಂದು.
ಅಮ್ಮನಿಗೆ ನೆನಪಿಲ್ಲವೆಂದು ನಂಬಿದ್ದಾಳೆ.
ನಂಬಲಿ.

ಆಮೇಲಿನದಕ್ಕೆ ತಿಂಗಳ ಹೆಸರಿಲ್ಲ.
ನಾದಿದ ಹಿಟ್ಟು ಮರಿಗೆಯಲ್ಲೇ ಹುಳಿತು, ಬೂಸ್ಟು ಹಿಡಿಯಿತು.
ನನಗೂ ಹಿಡಿಯಿತು.
ಎದ್ದು ಮುಚ್ಚಳ ಮುಚ್ಚಬೇಕು ಅಂದುಕೊಂಡು
ಮೂರು ದಿನ ಆ ಮುಚ್ಚಳವನ್ನು ನೋಡಿದೆ.
ದುಃಖ ಅನ್ನುತ್ತಾರೆ. ದುಃಖಕ್ಕಾದರೂ ಒಂದಿಷ್ಟು ಪಸೆಯಿದೆ.
ಇದು ಉಪ್ಪಿನ ಮಡುವಿನಿಂದ
ಬಿಸಿಲು ನೀರೆಲ್ಲ ಹೀರಿದ ಮೇಲೆ
ತಳದಲ್ಲಿ ಉಳಿಯುವ ಬಿಳುಪು.
ಅಕ್ಕ ಸುಲೆಮಾ ಬಂದಳು, ಒಂದು ಮಾತೂ ಆಡದೆ
ನೀರು ಕಾಯಿಸಿ ನನ್ನ ತಲೆ ತೊಳೆದಳು.
ಅವಳ ಉಗುರಿನಲ್ಲಿ ಈರುಳ್ಳಿಯ ವಾಸನೆ.
ಇನ್ನೂ ಇದ್ದೇನೆಂದು ಗೊತ್ತಾದದ್ದು
ಆ ಈರುಳ್ಳಿಯಿಂದ.

ಈಗ ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಆಸ್ಪತ್ರೆ.
ನರ್ಸ್ ಯಾಸ್ನಾ ರಕ್ತ ಎಳೆದು
ಅದರಲ್ಲಿ ಉಪ್ಪೆಷ್ಟೆಂದು ಲೆಕ್ಕ ಹೇಳುತ್ತಾಳೆ:
ಸೊನ್ನೆ ಪಾಯಿಂಟ್ ಏಳು.
"ಹದವಾಗಿದೆ" ಅನ್ನುತ್ತಾಳೆ, ಸಾರಿನ ರುಚಿ ನೋಡಿದವಳಂತೆ.
ಹದವಾಗಿದ್ದೇನೆ.
ಕೈ ತುಸು ನಡುಗುತ್ತದೆ,
ಬಟ್ಟಲು ಬಸಿಯ ಮೇಲೆ ಕಟಕಟ ಹಲ್ಲು ಕಡಿಯುತ್ತದೆ.

ಮೊನ್ನೆ ಮದುವೆಯಲ್ಲಿ ಒಂದು ಜೋಕಿಗೆ ಜೋರಾಗಿ ನಕ್ಕೆ.
ಇಡೀ ಮೇಜು ತಿರುಗಿತು.
ಸುಲೆಮಾ ಲೋಟ ಕೆಳಗಿಟ್ಟಳು.
ನಯರೆತ್ ಮೇಜಿನಡಿ ಬೆರಳು ಮಡಚುವುದನ್ನು ಕಂಡೆ:
ನಿನ್ನೆ ಅಮ್ಮ ಮಲಗಿದ್ದು ಎಷ್ಟು ಗಂಟೆ?
ನಗುವನ್ನು ಅರ್ಧಕ್ಕೇ ನುಂಗಿದೆ.
ಜೋಕು ನಿಜಕ್ಕೂ ಚೆನ್ನಾಗಿತ್ತು,
ಕತ್ತೆಯದು ಮತ್ತು ಪಾದ್ರಿಯದು,
ಇನ್ನೊಮ್ಮೆ ಹೇಳುತ್ತೇನೆ.

ಟ್ಯೂಬಾದ ಕಂತು ಇನ್ನೂ ಹದಿನಾಲ್ಕು ಬಾಕಿ.
ಪಕ್ಕದ ಮನೆಯ ಹುಡುಗ ಅಬ್ದೋನ್ ಸಂಜೆ ಸಂಜೆ ಊದುತ್ತಾನೆ,
ಹೊಟ್ಟೆನೋವಿನ ಹಸುವಿನ ಹಾಗೆ.
ವಾಪಸು ಕೇಳಿಲ್ಲ.

ರಾತ್ರಿ ಮೂರಕ್ಕೆ ಎಚ್ಚರ.
ಬ್ರೆಡ್ಡು ಸುಡುವವರೆಲ್ಲ ಏಳುವ ಹೊತ್ತು.
ಅದೂ ಏಳುವ ಹೊತ್ತು.
ಕತ್ತಲಲ್ಲಿ ಹೂಜಿ ತಡಕಿ ನೀರು ಕುಡಿಯುತ್ತೇನೆ.
ಎದೆ ಓಡುತ್ತಿದೆಯೇ? ಗೋಪುರ ಸುಮ್ಮನಿದೆಯೇ?
ಹಿಟ್ಟಿನೊಳಗೆ ಕೈ ಇಟ್ಟು ಕಾಯುತ್ತೇನೆ,
ಮೊದಲು ಮಾತಾಡುವುದು ಯಾರೆಂದು.
ಹಿಟ್ಟು ತಣ್ಣಗಿದೆ. ಏನೂ ಹೇಳುವುದಿಲ್ಲ.
ಒಂದು ಹಿಡಿ ಉಪ್ಪು ಹಾಕುತ್ತೇನೆ,
ಅಡುಗೆಯ ಉಪ್ಪು.